ಹ್ವಾಯ್ ಎನ್ನದ ಭಾವ

ಎರಡು ಸಂಗತಿಗಳು ಆಗುವಂಥವಲ್ಲ ಎಂದು ನಮ್ಮ ತ್ರಾಸಿಯಲ್ಲಿ ತೀರ್ಮಾನವಾಗಿತ್ತು. ಒಂದನ್ನು ಹೇಳಿದವರು ನಾನು ಓದಿದ ಹೈಸ್ಕೂಲಿನ ಹೆಡ್‌ಮಾಸ್ತರರು. ನನ್ನ ಕೈಗೆ ಎಸ್ಸೆಸ್ಸೆಲ್ಸಿ ಪುಸ್ತಕ ಕೊಡುತ್ತ, "ರಂಪಣಿ ಎಳುವ ಮನಿ ಮಾಣಿ ಇಷ್ಟ್ ಓದಿದ್ದೇ ದೊಡ್ದ್. ಬಿ.ಎ. ಅಂಬುದೆಲ್ಲ ಆಪ್ ಮಾತಲ್ಲ ಮಗಾ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾಳೆ ಮಳೆ ಬರಬಹುದು ಎನ್ನುವ ಹಾಗೆ ಹೇಳಿದರು. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಇನ್ನೊಂದನ್ನು ಹೇಳಿದವಳು ನನ್ನ ಅಬ್ಬಿ, ನನ್ನನ್ನು ಹೆತ್ತವಳು. ಯುದ್ಧ ಮುಗಿದು ಜಪಾನಿನವರ ಸೆರೆಯಿಂದ ಬಿಡುಗಡೆಯಾಗಿ ಬಂದ ಒಬ್ಬ ಸೈನಿಕನನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿ, ನೆರೆದ ಜನರೆಲ್ಲ ಕೇಳುವ ಹಾಗೆ ಅವಳು ಹೇಳಿದ್ದಳು: "ಇವ ನಮ್ಮನಿ ಮೆಟ್ಲ್ ಹತ್ತುದ್ ಈ ಜನ್ಮದಗೆ ಇಲ್ಲೆ."

ಎರಡು ಮಾತೂ ಒಂದೇ ದಿನ ಸುಳ್ಳಾದವು.

ಆ ಸೈನಿಕ ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. "ಬರಿಯುದಾರೆ ಬರಿ, ಹೆಸ್ರ್ ಹಾಕ್ಬೇಡ. ನನ್ ಹೆಸ್ರ್ ಕರ್ದ್ ಕರ್ದ್ ಹೊಡ್ದದ್ದೇ ಸಾಕ್" ಎಂದು ಅವರೇ ಒಮ್ಮೆ ಹೇಳಿದ್ದರು. ಊರವರು ಅವರನ್ನು 'ಜಪಾನಿ' ಎನ್ನುತ್ತಿದ್ದರು. ನಾನು ಭಾವ ಎನ್ನುತ್ತಿದ್ದೆ. ನೆಂಟಸ್ತಿಕೆ ಏನೂ ಇರಲಿಲ್ಲ. ನನ್ನ ಅಣ್ಣಯ್ಯ ಅವರನ್ನು ಹಾಗೆ ಕರೆಯುತ್ತಿದ್ದ, ನನ್ನ ಬಾಯಿಗೂ ಅದೇ ಬಂತು.

ಭಾವನ ವಿಷಯ ಹೇಳಬೇಕಾದರೆ ಮೊದಲು ನಮ್ಮ ಕಡೆಯ ಒಂದು ಶಬ್ದದ ವಿಷಯ ಹೇಳಬೇಕು. ಕುಂದಾಪುರದ ಕಡೆಯವರು ಯಾರನ್ನಾದರೂ ಕರೆಯುವುದು 'ಹ್ವಾಯ್' ಎಂದು. ಹೆಂಡತಿ ಗಂಡನನ್ನು, ಅಂಗಡಿಯವ ಗಿರಾಕಿಯನ್ನು, ದೋಣಿಯವ ದಡದವನನ್ನು, ಎಲ್ಲರೂ ಹಾಗೇ. ರಂಪಣಿಯಲ್ಲಂತೂ ಅದಿಲ್ಲದೆ ಕೆಲಸವೇ ಸಾಗದು. ಆ ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗವೂ ದಡದಲ್ಲಿ, ಎರಡು ತುದಿಗೂ ಜನ. ಈ ಗುಂಪಿನವರಿಗೆ ಆ ಗುಂಪಿನವರ ಮುಖ ಕಾಣದಷ್ಟು ದೂರ. ಈ ತುದಿಯ ಮುಂದಾಳು ಹ್ವಾಯ್ ಎಂದು ಕೂಗಿದರೆ ಆ ತುದಿಯವನು ತಿರುಗಿ ಹ್ವಾಯ್ ಎನ್ನಬೇಕು. ಆಗ ಎರಡು ಕಡೆಯೂ ಒಟ್ಟಿಗೆ ಎಳೆತ. ಓಗೊಡದಿದ್ದರೆ ಅಲ್ಲಿ ಯಾರೋ ನೀರಿಗೆ ಬಿದ್ದಿದ್ದಾರೆ ಎಂದು ಅರ್ಥ. ಅಣ್ಣಯ್ಯ ಒಂದು ತುದಿಯಲ್ಲಿ, ಭಾವ ಇನ್ನೊಂದು ತುದಿಯಲ್ಲಿ, ಮೀಸೆ ಬರುವ ಮೊದಲಿನಿಂದ ಹಾಗೆ ಕೂಗಿದವರು. ಅದು ಯೋಚನೆ ಮಾಡಿ ಕೊಡುವ ಉತ್ತರವಲ್ಲ. ಕಣ್ಣಿಗೆ ಮರಳು ಹಾರಿದರೆ ರೆಪ್ಪೆ ಮುಚ್ಚುತ್ತದಲ್ಲ, ಹಾಗೆ.

ಸೆರೆಯಿಂದ ಬಂದ ಮೇಲೆ ಭಾವ ಆ ಶಬ್ದದಿಂದ ಯಾರನ್ನೂ ಕರೆಯಲಿಲ್ಲ. ಹಾಗೆ ಕರೆದವರಿಗೆ ಓಗೊಡಲೂ ಇಲ್ಲ.

ಒಮ್ಮೆ ಬೈಂದೂರು ಸಂತೆಗೆ ನಾವಿಬ್ಬರೂ ಹೋಗಿದ್ದೆವು. ಒಣಮೀನಿನ ವ್ಯಾಪಾರಿಯೊಬ್ಬ ಹಿಂದಿನಿಂದ, "ಹ್ವಾಯ್, ಜಪಾನಿ, ಮೀನ್ ಬ್ಯಾಡ್ದಾ?" ಎಂದ. ತಮಾಷೆಗೆ ಅಂದದ್ದು. ಭಾವ ತಿರುಗಿದ್ದು ನನಗೆ ಕಾಣಲಿಲ್ಲ. ನಾನು ನೋಡುವಷ್ಟರಲ್ಲಿ ಆ ಮನುಷ್ಯ ತನ್ನ ಬುಟ್ಟಿಗಳ ಮೇಲೆ ಅಂಗಾತ ಬಿದ್ದಿದ್ದ. ಭಾವನ ಮೊಣಕಾಲು ಅವನ ಎದೆಯ ಮೇಲಿತ್ತು, ಎರಡು ಹೆಬ್ಬೆರಳು ಅವನ ಗಂಟಲ ಕುಳಿಯಲ್ಲಿದ್ದವು. ಅವನ ನಾಲಗೆ ಹೊರಗೆ ಬಂದಿತ್ತು. ನಾಲ್ಕು ಜನ ಸೇರಿ ಬಿಡಿಸಬೇಕಾಯಿತು. ಬಿಡಿಸಿದ ಕೂಡಲೆ ಭಾವ ನೆಟ್ಟಗೆ ನಿಂತು, ಎರಡು ಕೈಯನ್ನು ತೊಡೆಗೆ ಹಚ್ಚಿ, ಅವನ ಮುಂದೆ ಸೊಂಟದಿಂದ ಬಗ್ಗಿ, "ತಪ್ಪಾಯ್ತ್" ಎಂದರು. ವ್ಯಾಪಾರಿ ಕೆಮ್ಮುತ್ತ ಕೆಮ್ಮುತ್ತ, "ಕೊಲ್ಲುದಾರೆ ಕೊಲ್ಲ್ ಮಾರಾಯ, ಈ ಬಗ್ಗುದ್ ಒಂದ್ ಮಾಡ್ಬೇಡ, ಹೆದ್ರಿಕಿ ಆತ್" ಎಂದ.

ಆ ಬಗ್ಗುವುದು ಅವರಿಗೆ ಸೆರೆಯಲ್ಲಿ ಹತ್ತಿದ್ದು. ಖಾಕಿ ಕಂಡಲ್ಲಿ ಬಗ್ಗುತ್ತಿದ್ದರು. ಅಂಚೆಯವನಿಗೆ, ಕುಂದಾಪುರದ ಬಸ್ಸಿನ ಕಂಡಕ್ಟರನಿಗೆ, ಒಮ್ಮೆ ಖಾಕಿ ಚಡ್ಡಿ ತೊಟ್ಟ ಗಾರೆ ಕೆಲಸದವನಿಗೆ. ಜನ ನಗುತ್ತಿದ್ದರು. ಬಗ್ಗದಿದ್ದವರ ಬೆನ್ನಿಗೆ ಹಸಿ ಬಿದಿರಿನಿಂದ ಹೊಡೆಯುತ್ತಿದ್ದರಂತೆ. ಒಣಗಿದ ಬಿದಿರಾದರೆ ಸೀಳುತ್ತದೆ, ಹಸಿಯದು ಸೀಳುವುದಿಲ್ಲ. ಭಾವನ ಬೆನ್ನು ನಾನು ನೋಡಿದ್ದೇನೆ. ಉತ್ತ ಗದ್ದೆಯ ಹಾಗೆ ಇತ್ತು.

ಅವರ ಕೆಳದವಡೆ ಎಡಕ್ಕೆ ಸರಿದಿತ್ತು, ಚೌಕಟ್ಟಿನಲ್ಲಿ ಸರಿಯಾಗಿ ಕೂರದ ಬಾಗಿಲಿನ ಹಾಗೆ. ಎಡಗಡೆ ಹಲ್ಲೇ ಇರಲಿಲ್ಲ. ಗಂಜಿಯನ್ನು ಬಲಗಡೆಯಿಂದ ಕುಡಿದು, ಬಟ್ಟಲಿಗೆ ಅಂಟಿದ ಕಡೆಯ ಅಗುಳನ್ನೂ ಬೆರಳಿನಿಂದ ಒರಸಿ ತಿನ್ನುತ್ತಿದ್ದರು. ಎದುರಿಗೆ ಯಾರಾದರೂ ಅನ್ನ ಬಿಟ್ಟು ಎದ್ದರೆ ಅವರ ಮುಖ ಕೆಟ್ಟುಹೋಗುತ್ತಿತ್ತು.

ಅವರೂ ಅಣ್ಣಯ್ಯನೂ ಸೈನ್ಯಕ್ಕೆ ಸೇರಿದ್ದು ಯುದ್ಧ ಶುರುವಾದ ಮರುವರ್ಷ. ಜನ ಸೇರಿಸುವವರು ಬ್ರಹ್ಮಾವರಕ್ಕೆ ಬಂದಿದ್ದಾರೆ ಎಂದು ಕೇಳಿ ಇಬ್ಬರೂ ಹೋಗಿ ಹೆಸರು ಕೊಟ್ಟು ಬಂದರು. ಅಪ್ಪಯ್ಯನನ್ನು ಸಮುದ್ರ ತೆಗೆದುಕೊಂಡು ಆಗ ಮೂರು ವರ್ಷವಾಗಿತ್ತು. ಅಬ್ಬಿ ಅತ್ತು ಕರೆದು ಮಾಡಿದಳು. ಅಣ್ಣಯ್ಯ ಕೇಳಲಿಲ್ಲ. "ನಾನ್ ಮಿಲ್ಟ್ರಿಗ್ ಹೋದ್ರೆ ಮಾಣಿ ಓದುಕಾತ್ ಅಬ್ಬಿ. ನಮ್ಮನೆಯಗೆ ಒಬ್ಬನಾರೂ ಸಮುದ್ರಕ್ಕೆ ಬೆನ್ ಹಾಕಿ ಕೂಕಣ್ಲಿ" ಎಂದ. ಹೊರಟವನು ನನ್ನ ತಲೆಗೆ ಒಂದು ಮೊಟಕಿ, "ಬತ್ತೆ" ಎಂದ. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ.

ಮೂರು ಕಾಗದ ಬಂದವು. ಆಮೇಲೆ ಸಿಂಗಾಪುರ ಬಿತ್ತು ಎಂದು ಸುದ್ದಿ ಬಂತು, ಕಾಗದ ನಿಂತಿತು. ಬಹಳ ದಿನದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಕಾಗದ ಬಂತು, ಕೆಳಗೆ ಮೊಹರು. ಅಣ್ಣಯ್ಯ ಕಾಣೆಯಾಗಿದ್ದಾನೆ ಎಂದು ಪೋಸ್ಟ್‌ಮಾಸ್ತರರು ಓದಿ ಹೇಳಿದರು. ಯುದ್ಧ ಮುಗಿದ ಮೇಲೆ ಅಂಥದೇ ಇನ್ನೊಂದು. ಅದನ್ನು ಓದಿದವನು ನಾನು. ಅಷ್ಟು ಇಂಗ್ಲಿಷ್ ಆಗ ನನಗೆ ಬರುತ್ತಿತ್ತು. ಸತ್ತಿದ್ದಾನೆಂದು ತಿಳಿಯಲಾಗಿದೆ ಎಂದಿತ್ತು. ಎಲ್ಲಿ, ಹೇಗೆ ಎಂದು ಇರಲಿಲ್ಲ. ಅಬ್ಬಿ ಎರಡೂ ಕಾಗದವನ್ನು ಮಡಿಸಿ ಅಕ್ಕಿ ಮುಡಿಯ ಹುಲ್ಲಿನೊಳಗೆ ಸಿಕ್ಕಿಸಿದಳು.

ಅದಾಗಿ ತಿಂಗಳಿಗೆ ಭಾವ ಬಂದರು. ಕುಂದಾಪುರದಿಂದ ದೋಣಿಯಲ್ಲಿ ಗಂಗೊಳ್ಳಿಗೆ ದಾಟಿ, ಅಲ್ಲಿಂದ ಮರಳಲ್ಲಿ ನಡೆದುಕೊಂಡು, ತಮ್ಮ ಮನೆಗೂ ಹೋಗದೆ ಮೊದಲು ನಮ್ಮ ಅಂಗಳಕ್ಕೆ ಬಂದು ನಿಂತರು. ಬಟ್ಟೆಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಷ್ಟು ಸೊರಗಿದ್ದರು. ಹಿಂದೆ ಅರ್ಧ ಊರೇ ಬಂದಿತ್ತು. ಅಬ್ಬಿ ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಕ್ರಿಸ್‌ಮಸ್ ರಜೆಗೆ ಮಂಗಳೂರಿನಿಂದ ಬಂದಿದ್ದ ನಾನು ಅವಳ ಪಕ್ಕದಲ್ಲಿದ್ದೆ. ಹೆಡ್‌ಮಾಸ್ತರರ ಮಾತನ್ನು ಮೀರಿ ನಾನು ಕಾಲೇಜು ಸೇರಿ ಆಗ ಆರು ತಿಂಗಳಾಗಿತ್ತು.

"ನನ್ ಮಗ ಎಲ್ಲಿ?" ಎಂದಳು ಅಬ್ಬಿ.

"ಜ್ವರ ಬಂದ್ ತೀರ್ಕಂಡ ಅತ್ತೆ."

"ಎಷ್ಟ್ ದಿನ ಇದ್ದಿತ್ ಜ್ವರ?"

"ನಾಲ್ಕ್ ದಿನ."

"ಎಂತ ಕೇಳ್ದ?"

"ನೀರ್ ಕೇಳ್ದ."

"ಜ್ವರದಗೆ ಅವ ನೀರ್ ಮುಟ್ಟುದಿಲ್ಲೆ. ಬೆಲ್ಲದ ತುಂಡ್ ಕೇಳ್ತಾ. ಹುಟ್ಟಿದಾಗಳಿಂದ್ಲೂ ಹಾಂಗೆ." ಅಬ್ಬಿ ಒಂದು ಮೆಟ್ಟಿಲು ಇಳಿದಳು. "ನಿನ್ ದವಡೆಗೆ ಎಂತಾಯ್ತ್?"

"ಬಿದ್ದದ್."

"ಬಿದ್ರೆ ಮೂಗ್ ಒಡಿತ್. ದವಡೆ ಒಡಿಯುದ್ ಹೊಡ್ದ್ರೆ. ಒಂದ್ ಸುಳ್ಳ್ ತಡ್ಕಂತೆ, ಎರಡ್ ಬ್ಯಾಡ. ನನ್ ಮಗ ಹ್ಯಾಂಗ್ ಸತ್ತ ಅಂದೇಳಿ ಹೇಳ್. ಹೇಳಿ ಮೇಲ್ ಬಾ."

ಭಾವ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಆ ದವಡೆ ಅಲುಗಾಡುವುದನ್ನು ಊರೆಲ್ಲ ನೋಡುತ್ತಿತ್ತು. ಆಗಲೇ ಅಬ್ಬಿ ಆ ಮಾತು ಹೇಳಿದ್ದು. ಹೇಳಿ ಒಳಗೆ ಹೋದಳು.

ಮಾರನೆಯ ದಿನ ಭಾವ ಮತ್ತೆ ಬಂದರು. ಅಂಗಳದ ತೆಂಗಿನ ಮರದ ಬುಡದಲ್ಲಿ ಕೂತು ನಮ್ಮ ಹರಿದ ಬಲೆಯನ್ನು ನೇಯತೊಡಗಿದರು. ಮೂರೂವರೆ ವರ್ಷ ಹಾಗೆ ಬಂದರು. ಸೌದೆ ಒಡೆದರು, ಬಾವಿಯಿಂದ ನೀರು ಸೇದಿಟ್ಟರು, ಸೋಗೆ ಹೊದಿಸುವಾಗ ಏಣಿ ಇಟ್ಟು ಹೊರಗಿನಿಂದಲೇ ಹತ್ತಿ ಹೊದಿಸಿದರು. ಮೆಟ್ಟಿಲು ತುಳಿಯಲಿಲ್ಲ. ಅಬ್ಬಿ ಅವರೊಂದಿಗೆ ಮಾತಾಡಲಿಲ್ಲ, ಒಂದು ಬಟ್ಟಲು ಗಂಜಿಯನ್ನೂ ಕೊಡಲಿಲ್ಲ. ನಮ್ಮ ಕಡೆ ಅಂಗಳಕ್ಕೆ ಬಂದ ಪರಿಚಯವಿಲ್ಲದವನಿಗೂ ಬೆಲ್ಲ ನೀರು ಕೊಡುತ್ತಾರೆ.

ಆ ರಜೆಯಲ್ಲೇ ನಾನು ಓದು ಬಿಡುವುದೆಂದು ತೀರ್ಮಾನಿಸಿದೆ. ಹಾಸ್ಟೆಲಿನಲ್ಲಿ ನನ್ನ ಪಕ್ಕ ಮಲಗಿದ್ದವನು ಚಾಪೆಯನ್ನು ದೂರ ಎಳೆದುಕೊಂಡಿದ್ದ, ಮೀನಿನ ವಾಸನೆ ಎಂದು. ಮನೆಯಲ್ಲಿ ಅಣ್ಣಯ್ಯ ಇಲ್ಲ ಎಂಬುದು ಗಟ್ಟಿಯಾಗಿತ್ತು. ದಡದಲ್ಲಿ ದೋಣಿಗೆ ಎಣ್ಣೆ ಹಚ್ಚುತ್ತಿದ್ದ ಭಾವನ ಹತ್ತಿರ ಹೋಗಿ ಹೇಳಿದೆ: "ನಾನ್ ಮತ್ತೆ ಕಾಲೇಜಿಗ್ ಹೋತಿಲ್ಲೆ ಭಾವ. ಬೊಂಬಾಯಿಗ್ ಹೋತೆ. ಹೋಟ್ಲಗೆ ಕೆಲ್ಸ ಇತ್ತಂಬ್ರ್."

ಅವರು ಎದ್ದರು. ಕೈಯ ಎಣ್ಣೆಯನ್ನು ಪಂಚೆಗೆ ಒರಸಿಕೊಂಡರು. ನನ್ನ ಕೆನ್ನೆಗೆ ಹೊಡೆದರು. ನಾನು ಮರಳಿಗೆ ಬಿದ್ದೆ. ಕಿವಿಯೊಳಗೆ ಸಮುದ್ರ ಮೊರೆಯಿತು. ಎದ್ದು ಅಳಬೇಕೋ ಬೈಯಬೇಕೋ ಗೊತ್ತಾಗದೆ ನಿಂತೆ. ಭಾವ ತಮ್ಮ ಮುಖವನ್ನು ಮುಂದೆ ಚಾಚಿದರು.

"ಈಗ ನೀನ್ ಹೊಡಿ."

"ನಾನ್ ಹೊಡಿತಿಲ್ಲೆ."

"ಹೊಡಿ ಅಂದೆ. ಮೆತ್ತಗ್ ಹೊಡ್ದ್ರೆ ಆತಿಲ್ಲೆ, ಮತ್ತೊಂದ್ ತಿಂತೆ ನೀನ್."

ನಾನು ತಟ್ಟಿದೆ. ಅವರು ಮತ್ತೆ ಹೊಡೆದರು, ಮೊದಲಿಗಿಂತ ಜೋರಾಗಿ. ನನಗೆ ಸಿಟ್ಟು ನೆತ್ತಿಗೇರಿತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಏಟು ಆ ಮುರಿದ ದವಡೆಯ ಮೇಲೇ ಬಿತ್ತು. ಭಾವನ ತುಟಿಯ ತುದಿಯಿಂದ ರಕ್ತ ಇಳಿಯಿತು. ಅವರು ಅದನ್ನು ಮರಳಿಗೆ ಉಗುಳಿ, "ಹಾಂ. ಈಗ ಸಮ ಆಯ್ತ್. ನಾಳೆ ಗಂಗೊಳ್ಳಿ ದೋಣಿ ಹತ್ರ ಬತ್ತೆ ನಾನ್, ಪುಸ್ತಕ ಹಿಡ್ಕಂಡ್ ಬಾ" ಎಂದರು.

ಆಮೇಲೆ ತಿಳಿಯಿತು. ಸೆರೆಯಲ್ಲಿ ಒಬ್ಬ ತಪ್ಪು ಮಾಡಿದರೆ ಕೈದಿಗಳನ್ನು ಎರಡು ಸಾಲಾಗಿ ಎದುರುಬದುರು ನಿಲ್ಲಿಸಿ, ಒಬ್ಬರ ಕೆನ್ನೆಗೆ ಇನ್ನೊಬ್ಬರು ಹೊಡೆಯುವ ಹಾಗೆ ಮಾಡುತ್ತಿದ್ದರಂತೆ. ಗೆಳೆಯ ಎಂದು ಮೆಲ್ಲಗೆ ಹೊಡೆದರೆ ಕಾವಲಿನವ ಬಂದು ಬಂದೂಕಿನ ಹಿಡಿಯಿಂದ ತೋರಿಸಿಕೊಡುತ್ತಿದ್ದ. ಅಣ್ಣಯ್ಯನೂ ಭಾವನೂ ಸದಾ ಎದುರುಬದುರು ನಿಲ್ಲುತ್ತಿದ್ದರು. "ಗಟ್ಟಿ ಹೊಡಿ ಮಾರಾಯ, ನಿನ್ ಕೈ ಎಂತ ಬಾಳೆ ಎಲೆಯಾ ಅಂದೇಳಿ ನಿನ್ನಣ್ಣ ನಂಗೆ ಬೈತಿದ್ದ" ಎಂದು ಭಾವ ನಕ್ಕರು. ಅವರು ನಕ್ಕರೆ ಮುಖ ಒಂದೇ ಕಡೆಗೆ ಹೋಗುತ್ತಿತ್ತು.

ಸೆರೆಯ ಬೇರೆಲ್ಲ ಸಂಗತಿಗಳನ್ನು ಅವರು ಬಲೆ ನೇಯುತ್ತ ನನಗೆ ಹೇಳುತ್ತಿದ್ದರು. ಬಯ್ಗುಳ ಬೆರೆಸಿ, ಸಂತೆಯ ಸುದ್ದಿ ಹೇಳಿದ ಹಾಗೆ. ಸಿಂಗಾಪುರ ಬಿದ್ದ ಮೇಲೆ ಸೆರೆಸಿಕ್ಕ ಹಿಂದೂಸ್ತಾನದವರನ್ನೆಲ್ಲ ಒಂದು ಬಯಲಲ್ಲಿ ಕೂರಿಸಿ, ಈ ಕಡೆ ಸೇರಿ ಬ್ರಿಟಿಷರ ಮೇಲೆ ಯುದ್ಧ ಮಾಡಿ ಎಂದು ಭಾಷಣ ಮಾಡಿದರಂತೆ. ನೀವು ಯಾಕೆ ಸೇರಲಿಲ್ಲ ಎಂದು ಕೇಳಿದ್ದಕ್ಕೆ, "ಹಿಂದಿಯಗೆ ಮಾತಾಡ್ದ್ರ್. ನಮ್ಗೆ ಅರ್ಥ ಆಪುಕೆ ಮೊದ್ಲೇ ಮುಗ್ದ್ ಹೋಯ್ತ್" ಎಂದರು.

ಅಲ್ಲಿಂದ ಹಡಗು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. "ಬಂಗಡೆ ತುಂಬಿದಾಂಗೆ ಅಡಿಯಗೆ ತುಂಬಿದ್ರ್. ಕೂಕಂಬುಕೂ ಜಾಗ ಇಲ್ಲೆ. ನನ್ ಹೆಗಲಿಗೆ ಒರಗಿದವ ಸತ್ತ್ ಹೋಯಿದ. ಸತ್ತವನ್ನ ಮೇಲೆ ದಾಟಿಸುಕೆ ನಾಲ್ಕ್ ಕೈ ಬೇಕ್, ನಾಲ್ಕ್ ಕೈಯಗೆ ಶಕ್ತಿ ಇಲ್ಲೆ. ಅವ ನಮ್ಮೊಟ್ಟಿಗೆ ನಿಂತ್ಕಂಡೇ ಬಂದ." ಬೆಳಕಿಲ್ಲದ ಆ ಜಾಗದಲ್ಲಿ ಅಣ್ಣಯ್ಯ ಹಡಗಿನ ಗೋಡೆಗೆ ಕಿವಿಯಿಟ್ಟು, ತೆರೆ ಸಣ್ಣದಾಯಿತು, ದಡ ಹತ್ತಿರ ಬಂತು ಎಂದು ಹೇಳುತ್ತಿದ್ದನಂತೆ. ಒಂದು ಸಲವೂ ತಪ್ಪಲಿಲ್ಲ ಎಂದರು ಭಾವ.

ಇಳಿಸಿದ್ದು ಒಂದು ದ್ವೀಪದಲ್ಲಿ. ತೆಂಗಿನ ಮರ, ಮರಳು, ಉಪ್ಪುಗಾಳಿ, ಎಲ್ಲ ನಮ್ಮ ತ್ರಾಸಿಯ ಹಾಗೇ. ನೀರು ಕದ್ದ ಒಬ್ಬ ಪಂಜಾಬಿಯನ್ನು ಅಲ್ಲಿ ಮುಳ್ಳುತಂತಿಯಿಂದ ತೆಂಗಿನ ಮರಕ್ಕೆ ಬಿಗಿದು ಎರಡು ದಿನ ಬಿಟ್ಟರು. ಮೂರನೆಯ ದಿನ ಹೆಣ ಇಳಿಸುವ ಕೆಲಸ ಭಾವನಿಗೆ ಬಂತು. ಮಾಂಸದಿಂದ ತಂತಿ ಬಿಡಿಸುವುದು ಬಲೆಯಿಂದ ಏಡಿ ಬಿಡಿಸಿದ ಹಾಗಿತ್ತು ಎಂದು ಹೇಳಿ, ತಮ್ಮ ಕೈಯಲ್ಲಿದ್ದ ಬಲೆಯನ್ನು ನೋಡಿದರು. ಆ ದಿನ ಮತ್ತೆ ನೇಯಲಿಲ್ಲ.

ಇಷ್ಟೆಲ್ಲ ಹೇಳುವವರು ಅಣ್ಣಯ್ಯ ಹೇಗೆ ಸತ್ತ ಎಂಬುದಕ್ಕೆ ಬಂದರೆ ನಿಲ್ಲಿಸಿಬಿಡುತ್ತಿದ್ದರು. ಅದು ಹೊರಗೆ ಬಂದದ್ದು ನನ್ನ ಬಿ.ಎ. ಪರೀಕ್ಷೆಗೆ ಮೂರು ತಿಂಗಳು ಇರುವಾಗ, ರಂಪಣಿಯ ದಿನ.

ಭಾವ ಕೂಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವರ ತುದಿಯಲ್ಲಿ ಅವರು ಕೆಂಪು ವಸ್ತ್ರ ಎತ್ತಿದರೆ ಓಗೊಟ್ಟ ಹಾಗೆ ಎಂದು ಹೊಂದಿಕೊಂಡಿದ್ದರು. ಆ ದಿನ ನಡುಮಧ್ಯಾಹ್ನ, ನೀರಿನ ಮೇಲೆ ಬಿಸಿಲು ಹೊಳೆದು ಕಣ್ಣು ಬಿಡಲಾಗುತ್ತಿರಲಿಲ್ಲ. ರಜೆಗೆ ಬಂದ ನಾನು ಅಣ್ಣಯ್ಯನ ತುದಿಯಲ್ಲಿ ಮುಂದೆ ನಿಂತು ಹ್ವಾಯ್ ಎಂದು ಕೂಗಿದೆ. ಅವರು ವಸ್ತ್ರ ಎತ್ತಿದ್ದರಂತೆ, ನನಗೆ ಕಾಣಲಿಲ್ಲ. ಮತ್ತೆ ಕೂಗಿದೆ. ಅಲ್ಲಿ ಯಾರೋ ಬಿದ್ದರು ಎಂದುಕೊಂಡು ನಮ್ಮವರು ಹಗ್ಗ ಸಡಿಲ ಬಿಟ್ಟರು. ಅವರ ಕಡೆ ಎಳೆತ ನಿಂತಿರಲಿಲ್ಲ. ಬಲೆ ಒಂದು ಕಡೆಗೆ ಮಗುಚಿ ತುಂಬಿದ ಮೀನೆಲ್ಲ ಸಮುದ್ರಕ್ಕೆ ಹೋಯಿತು. ಜಾರಿದ ಹಗ್ಗ ಒಬ್ಬನ ಅಂಗೈಯ ಚರ್ಮವನ್ನು ಸುಲಿದುಕೊಂಡು ಹೋಯಿತು.

ರಂಪಣಿಯ ಯಜಮಾನ, ತಂಡೇಲ, ಓಡಿಹೋಗಿ ಭಾವನ ಎದೆಗೆ ಗುದ್ದಿದ. "ನಿಂಗೆ ಬಾಯಿ ಎಂತಕ್ಕ್ ಕೊಟ್ಟದ್ ದೇವ್ರ್? ಗಂಜಿ ಹೊಯ್ಯುಕಾ?" ಭಾವ ಕೈ ಎತ್ತಲಿಲ್ಲ. ತಂಡೇಲ ಮತ್ತೆ ಗುದ್ದಿದ. ಭಾವ ಅವನಿಗೂ ಬಗ್ಗಿದರು.

ನಾನು ಅವರನ್ನು ಎಳೆದುಕೊಂಡು ಬಂದು ದೋಣಿಯ ನೆರಳಲ್ಲಿ ಕೂರಿಸಿದೆ. "ಒಂದ್ ಹ್ವಾಯ್ ಅಂಬುಕೆ ನಿಮ್ಗೆ ಎಂತ ಆಯ್ತ್ ಭಾವ?" ಎಂದೆ. ಸಿಟ್ಟಿನಲ್ಲೇ ಕೇಳಿದ್ದು.

ಅವರು ಮರಳಿನಲ್ಲಿ ಬೆರಳಿನಿಂದ ಒಂದು ಸಾಲು ಎಳೆದರು. ಆಮೇಲೆ ಹೇಳಿದರು.

ಮೀನು ಹಿಡಿಯಲು ಬರುವವರು ಯಾರು ಎಂದು ಕೇಳಿದಾಗ ಇಬ್ಬರೂ ಕೈ ಎತ್ತಿದ್ದರು. ಅಂದಿನಿಂದ ಕಾವಲಿನವರಿಗೆ ಮೀನು ಹಿಡಿದು ಕೊಡುವ ಕೆಲಸ. ಕೈದಿಗಳಿಗೆ ಒಂದು ಮೀನೂ ಇಲ್ಲ. ಅಣ್ಣಯ್ಯನ ಕಾಲು ಬಾತು, ಒತ್ತಿದರೆ ಬೆರಳು ಇಳಿಯುವ ಹಾಗಾಗಿತ್ತು. ಭಾವ ಒಂದು ಮೀನನ್ನು ಲಂಗೋಟಿಯಲ್ಲಿ ಅಡಗಿಸಿ ತಂದು ಅವನಿಗೆ ಹಸಿಯಾಗಿಯೇ ತಿನ್ನಿಸಿದರು. ಮರುದಿನ ಗುಡಿಸಲ ಹಿಂದೆ ಕಾವಲಿನವರಿಗೆ ಮೀನಿನ ಮುಳ್ಳು ಸಿಕ್ಕಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಅಣ್ಣಯ್ಯ ಸಾಲಿನ ಆ ತುದಿಯಲ್ಲಿ, ಭಾವ ಈ ತುದಿಯಲ್ಲಿ. ಕಾವಲಿನವ ಆ ತುದಿಯಿಂದ ಶುರು ಮಾಡಿದ. ಮುಳ್ಳನ್ನು ಅಣ್ಣಯ್ಯನ ಮೂಗಿಗೆ ಹಿಡಿದು, ನೀನಾ ಎಂದು ತನ್ನ ಭಾಷೆಯಲ್ಲಿ ಕೇಳಿದ.

"ನಾನ್ ಒಪ್ಕಂಬುಕೆ ಹೊರ್ಟದ್ ಮಾಣಿ. 'ಹ್ವಾಯ್, ನೀ ಸುಮ್ನಿರ್, ನಾನ್ ಹೇಳ್ತೆ' ಅಂಬುಕೆ. ಹ್ವಾಯ್ ಅಂದದ್ ಒಂದೇ ಹೊರಗ್ ಬಂತ್. ನಾನ್ ಕರ್ದ್ರೆ ಅವ ಬಿಡ್ತನಾ? ಅವನೂ ಹ್ವಾಯ್ ಅಂದ."

ಅವರು ನಿಲ್ಲಿಸಿ ನನ್ನ ಮುಖ ನೋಡಿದರು. ನನಗೆ ಅರ್ಥವಾಗಿರಲಿಲ್ಲ.

"ಜಪಾನಿಯರ ಮಾತಗೆ ಹೌದು ಅಂಬುದಕ್ಕೆ ಎಂತ ಅಂತ್ರ್ ಗೊತ್ತಿತ್ತಾ? ಹಾಯ್ ಅಂತ್ರ್. ನೀನಾ ಅಂದೇಳಿ ಕೇಂಡ, ಇವ ಹ್ವಾಯ್ ಅಂದ. ಮುಗೀತ್."

ಎರಡನೆಯ ಸಲ ಯಾರೂ ಕೇಳಲಿಲ್ಲ. ಬಂದೂಕಿನ ಹಿಡಿಯಿಂದ ಮೊಣಕಾಲಿಗೆ ಹೊಡೆದು ಅಣ್ಣಯ್ಯನನ್ನು ಕೆಡವಿದರು. ಭಾವ ಸಾಲು ಬಿಟ್ಟು ಓಡಿದರು, ನಾನು, ನಾನು ಎಂದು ಎದೆ ಬಡಿದುಕೊಂಡು ಕನ್ನಡದಲ್ಲೇ ಕೂಗುತ್ತ. ಇನ್ನೊಬ್ಬ ಕಾವಲಿನವ ಅದೇ ಹಿಡಿಯಿಂದ ಅವರ ದವಡೆಗೆ ಹೊಡೆದ. "ಬಾಯಿ ಒಡ್ದ್ ಹೋಯ್ತ್. ಮತ್ತೆ ನಾನ್ ಅಂಬುಕೂ ಬಾಯಿ ಇಲ್ಲೆ." ಬಿದ್ದಲ್ಲಿಂದಲೇ ನೋಡಿದರು. ಬಂದೂಕಿನ ತುದಿಯ ಕತ್ತಿಯಿಂದ ಅಣ್ಣಯ್ಯನನ್ನು ಮೂರು ಸಲ ತಿವಿದರು. ಸಂಜೆ ಭಾವನೇ ಅವನನ್ನು ಹೊತ್ತು, ತೆರೆ ತಲುಪದಷ್ಟು ಮೇಲೆ ಮರಳು ತೋಡಿ ಮಲಗಿಸಿದರು.

ನಾನು ಹಗ್ಗದ ಸುರುಳಿಯ ಮೇಲೆ ತಲೆಯಿಟ್ಟು ಅತ್ತೆ. ಅವರು ಅಳಲಿಲ್ಲ.

"ಇದನ್ನ ಅಬ್ಬಿಗ್ ಹೇಳಿ ಭಾವ."

"ಎಂತ ಹೇಳ್ಲಿ? ನಾ ಕರ್ದದ್ದಕ್ಕೆ ನಿನ್ ಮಗ ಸತ್ತ ಅಂದೇಳಿ ಹೇಳ್ಲಾ?"

"ಹೌದು. ಅದನ್ನೇ."

ಅವರು ಎದ್ದು ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು. "ನೀ ಬಿ.ಎ. ಆಗ್. ಆ ದಿನ ಹೇಳ್ತೆ. ಅವ ಹೋದದ್ ಅದಕ್ಕಲ್ದಾ? ಬರಿಗೈಯಗೆ ಹ್ಯಾಂಗ್ ಹೇಳುದ್?"

ಆ ಪರೀಕ್ಷೆಗೆ ನಾನು ಓದಿದ ಹಾಗೆ ಯಾರೂ ಓದಿರಲಿಕ್ಕಿಲ್ಲ. ನಾನು ಫೇಲಾದರೆ ಭಾವ ಆ ತೆಂಗಿನ ಬುಡದಲ್ಲೇ ಮುದುಕರಾಗುತ್ತಿದ್ದರು, ಅಬ್ಬಿ ಏನೂ ತಿಳಿಯದೆ ಸಾಯುತ್ತಿದ್ದಳು. ಪಾಸಾದೆ. ಕಾಲೇಜಿನ ಆಫೀಸಿನಲ್ಲಿ ಸರ್ಟಿಫಿಕೇಟು ಕೈಗೆ ಬಂದ ದಿನ ಅದನ್ನು ಸುರುಳಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಬಸ್ಸಿನಲ್ಲಿ ಕುಂದಾಪುರದ ತನಕ ತೊಡೆಯ ಮೇಲೇ ಇಟ್ಟುಕೊಂಡೆ. ಅಲ್ಲಿ ಹೆಡ್‌ಮಾಸ್ತರರ ಮನೆಯ ಮುಂದೆ ಎರಡು ಸಲ ಅತ್ತಿಂದಿತ್ತ ನಡೆದೆ. ಒಳಗೆ ಹೋಗಲಿಲ್ಲ. ದೋಣಿ ಹತ್ತಿದೆ.

ಮನೆ ತಲುಪುವಾಗ ಸಂಜೆಯ ಇಳಿಬಿಸಿಲು. ಅಬ್ಬಿ ಜಗಲಿಯಲ್ಲಿ ಮೀನು ಹೆರೆಯುತ್ತಿದ್ದಳು. ಭಾವ ತೆಂಗಿನ ಬುಡದಲ್ಲಿ ಬಲೆ ಹಿಡಿದಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಸುರುಳಿ ಬಿಚ್ಚಿದೆ. ಅಬ್ಬಿ ಕೆಳಗಿನ ಮೊಹರನ್ನು ನೋಡಿದಳು. ಅಂಥ ಕಾಗದವನ್ನು ಅವಳು ಎರಡು ಸಲ ಕಂಡವಳು. ಕತ್ತಿ ಕೆಳಗಿಟ್ಟಳು.

"ಇದ್ರಗೆ ಯಾರ್ ಸತ್ತದ್ ಅಂದೇಳಿ ಬರ್ದಿದ್ರ್?"

"ಯಾರೂ ಅಲ್ಲ ಅಬ್ಬಿ. ನಾನ್ ಬಿ.ಎ. ಆದದ್. ಕಾಣ್, ಇದ್ ನನ್ ಹೆಸ್ರ್."

ಅವಳು ನನ್ನ ಹೆಸರಿದ್ದ ಜಾಗವನ್ನು ದೂರದಿಂದಲೇ ದಿಟ್ಟಿಸಿದಳು. ಅಷ್ಟರಲ್ಲಿ ಭಾವ ಎದ್ದು ಬಂದು ಮೆಟ್ಟಿಲ ಕೆಳಗೆ ನಿಂತಿದ್ದರು. ಕೈ ತೊಡೆಗೆ ಹಚ್ಚಿಕೊಂಡು, ಹಾಜರಿಗೆ ನಿಂತ ಹಾಗೆ. ಯಾರೂ ಕೇಳದೆಯೇ ಹೇಳತೊಡಗಿದರು. ನನಗೆ ಹೇಳಿದ ಅದೇ ಮಾತುಗಳು, ಅದೇ ಕ್ರಮ. ಮೀನು, ಮುಳ್ಳು, ಸಾಲು, ತಾವು ಕರೆದದ್ದು, ಅವನು ಓಗೊಟ್ಟದ್ದು, ಮೂರು ಸಲ ತಿವಿದದ್ದು. ಒಂದನ್ನೂ ಮುಚ್ಚಿಡಲಿಲ್ಲ. ಮುಗಿಸಿ, "ನಾ ಕರೀದಿದ್ರೆ ಅವ ಇದ್ದಿದ್ದ ಅತ್ತೆ" ಎಂದರು.

ಅಬ್ಬಿಯ ಮುಂದಿನ ಮೀನಿನ ಮೇಲೆ ನೊಣ ಕೂತಿದ್ದವು. ಅವಳು ಅಟ್ಟಲಿಲ್ಲ.

"ಎಷ್ಟ್ ಸಲ ಕರ್ದೆ?" ಎಂದಳು. ಮೂರೂವರೆ ವರ್ಷದಲ್ಲಿ ಅವರಿಗೆ ಅವಳು ಆಡಿದ ಮೊದಲ ಮಾತು.

"ಒಂದೇ ಸಲ."

"ಒಂದ್ ಸಲಕ್ಕೇ ಓಗೊಟ್ನಾ?"

"ಹೌದ್ ಅತ್ತೆ."

"ನಾನ್ ಮೂರ್ ಸಲ ಕರೀಬೇಕಿತ್ತ್ ಅವನ್ನ, ಉಂಬುಕೆ." ನಾನು ಸರ್ಟಿಫಿಕೇಟನ್ನು ಅವಳ ಕಡೆಗೆ ಚಾಚಿದ್ದೆ. ಅವಳು ತನ್ನ ಎರಡು ಅಂಗೈಯನ್ನೂ ತಿರುಗಿಸಿ ನೋಡಿಕೊಂಡಳು. ಕೈ ತುಂಬ ಮೀನಿನ ರಕ್ತ, ಹುರುಪೆ.

"ಹ್ವಾಯ್" ಎಂದಳು, ಅಂಗಳದ ಕಡೆ ನೋಡಿ. "ನನ್ ಕೈಯಗೆ ನೆತ್ರ್ ಇತ್ತ್. ಆ ಕಾಗ್ದ ನೀನ್ ಹಿಡ್ಕೋ. ಮೇಲ್ ಬಾ."

ಭಾವನ ದವಡೆ ಅಲುಗಾಡಿತು. ಅವರು ಓಗೊಟ್ಟರೋ ಇಲ್ಲವೋ ನನಗೆ ಕೇಳಲಿಲ್ಲ. ಕಾಲು ಮೆಟ್ಟಿಲ ಮೇಲೆ ಬಂದಿತ್ತು. ಮೂರು ಮೆಟ್ಟಿಲು ಹತ್ತಿದರು. ಪಂಚೆಗೆ ಕೈ ಒರಸಿಕೊಂಡು ನನ್ನ ಕೈಯಿಂದ ಸರ್ಟಿಫಿಕೇಟನ್ನು ಎರಡು ಕೈಯಲ್ಲಿ ತೆಗೆದುಕೊಂಡರು, ತೆಗೆದುಕೊಂಡು ಅಬ್ಬಿಯ ಮುಂದೆ ಸೊಂಟದಿಂದ ಬಗ್ಗಿದರು.

"ಬಗ್ಗುದ್ ಸಾಕ್ ಮಗಾ" ಎಂದಳು ಅಬ್ಬಿ. "ಕೂಕೋ. ಗಂಜಿ ಬಡಿಸ್ತೆ."